11 ನಿಮಿಷದ ಮಾರಿಯೋ: ವಿಡಿಯೋ ಅಸಲಿ, ಮೆಸೇಜ್ ಸುಳ್ಳು

ಹಾಸನದ ಗೇಮಿಂಗ್ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಹಳೇ ವಿಡಿಯೋ ಮತ್ತೆ ಓಡಾಡುತ್ತಿದೆ. ‘ಜಪಾನಿನ ಹುಡುಗ ಸೂಪರ್ ಮಾರಿಯೋ ಬ್ರದರ್ಸ್ 3 ಆಟವನ್ನು ಒಂದೇ ಸಲಕ್ಕೆ 11 ನಿಮಿಷದಲ್ಲಿ ಮುಗಿಸಿದ, ಇನ್ಯಾರ ಕೈಲೂ ಆಗಲ್ಲ’ ಅಂತ ಕೆಳಗೆ ಬರಹ.

ವಿಡಿಯೋ ಕಟ್ಟುಕಥೆಯಲ್ಲ. ಆದರೆ ಯಾರೋ ಕೂತು ಒಂದೇ ಸಲಕ್ಕೆ ಆಡಿದ್ದೂ ಅಲ್ಲ. 2003ರಲ್ಲಿ ಮೊರಿಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಇದು ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್, ಅಂದರೆ ಸಾಫ್ಟ್‌ವೇರ್ ನೆರವಿನಿಂದ ಆಟವನ್ನು ಆದಷ್ಟು ಬೇಗ ಮುಗಿಸುವುದು. ಚಿಕ್ಕದಾಗಿ ಟಾಸ್. ಹಳೇ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರಿನಲ್ಲಿ ಆಟವನ್ನು ನಿಧಾನ ಮಾಡುತ್ತಾರೆ. ಅಲ್ಲಲ್ಲಿ ಸೇವ್ ಮಾಡುತ್ತಾರೆ. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಬಟನ್ ಒತ್ತುತ್ತಾರೆ. ಕೊನೆಗೆ ಉಳಿಯುವುದು ಯಾವ ಕ್ಷಣಕ್ಕೆ ಯಾವ ಬಟನ್ ಅನ್ನುವ ದಾಖಲೆ. ಅದನ್ನು ಮಾಮೂಲಿ ವೇಗದಲ್ಲಿ ಓಡಿಸಿದರೆ ಈ ವಿಡಿಯೋ. ಹಡಗಿನ ಹಂತದಲ್ಲಿ ಮಾರಿಯೋ ಹಾರಿಬರುವ ಗುಂಡುಗಳ ಮೇಲೇ ಕುಣಿದು ಜೀವ ಗಳಿಸುತ್ತಾನೆ, ನೋಡಿ. ಸುಮ್ನೆ ಶೋಕಿಗೆ!

ಹಾಗಂತ ಟಾಸ್ ಮೋಸವೇನಲ್ಲ. ಟಾಸ್ ಅಂತ ಹೇಳಿಯೇ ಹಾಕಿದರೆ ನನಗಂತೂ ಅದು ಭಾರೀ ಇಷ್ಟ. ಕೈಯಾಟ ಅಂತ ನಂಬಿಸಿದಾಗ ಮಾತ್ರ ತಕರಾರು. ಸ್ಪೀಡ್‌ರನ್ ಮಾಡುವವರು ಎರಡರ ದಾಖಲೆಯನ್ನೂ ಬೇರೆ ಬೇರೆ ಇಡುತ್ತಾರೆ.

ಇನ್ನು ಮನುಷ್ಯರ ಕೈ ಅಷ್ಟೇನೂ ಹಿಂದೆ ಬಿದ್ದಿಲ್ಲ. 1985ರ ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು 2021ರಲ್ಲಿ ನಿಫ್ಟ್‌ಸ್ಕಿ ಎಂಬ ಆಟಗಾರ 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸಿದ. ನಿಧಾನ ಮಾಡಿದ್ದಿಲ್ಲ, ನಡುವೆ ಸೇವ್ ಇಲ್ಲ. ಅದೇ ಆಟದ ಟಾಸ್‌ಗೂ ಅವನಿಗೂ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ.