ನೆಲದಡಿ ಇದೆಯಲ್ಲ, ಇನ್ನೇನು ಭಯ?

ಹಾಸನದ ಕಡೆ ಯಾವುದೋ ಕಲ್ಲು ಕ್ವಾರಿ ಪಕ್ಕ ಒಂದು ಮದ್ದಿನ ಮನೆ ಅಂದ್ಕೊಳ್ಳಿ. ಗುಡ್ಡ ಕೊರೆದು ಒಳಗೆ ಜಿಲೆಟಿನ್ ಪೆಟ್ಟಿಗೆ ಪೇರಿಸಿದ್ದಾರೆ. ಲೈಸೆನ್ಸ್ ಕೊಟ್ಟಾಗ ಸುತ್ತ ಬರೀ ರಾಗಿ ಹೊಲ. ನಕ್ಷೆ ಮೇಲೆ ಸುರಕ್ಷಿತ ಅಂತರದ ವೃತ್ತ ಎಳೆದರು, ಸೀಲು ಬಿತ್ತು. ಆಮೇಲೆ ಹೊಲ ಲೇಔಟ್ ಆಯ್ತು. ಈಗ 'ಅಪಾಯ, ಸ್ಫೋಟಕ' ಅನ್ನೋ ಕೆಂಪು ಬೋರ್ಡಿನ ಕಂಬಕ್ಕೇ 'ಪ್ರಶಾಂತ ವಾತಾವರಣ, ಬ್ಯಾಂಕ್ ಸಾಲ ಲಭ್ಯ' ಅಂತ ಬ್ಯಾನರ್ ಕಟ್ಟಿದ್ದಾರೆ. ಎರಡಕ್ಕೂ ಒಂದೇ ಬೈಂಡಿಂಗ್ ವೈರು.

ಕೇಳಿದರೆ, "ನೆಲದಡಿ ಇದೆಯಲ್ಲ ಸಾರ್, ಇನ್ನೇನು ಭಯ?" ಅಂತಾರೆ. ಒಳಗೆ ಸಿಡಿದರೆ ಒತ್ತಡ, ಕಲ್ಲಿನ ಚೂರು ಎಲ್ಲ ಮೊದಲು ನುಗ್ಗೋದು ಸುರಂಗದ ಬಾಯಿಂದ, ಅದಕ್ಕೇ ಬಾಯಿಯ ನೇರಕ್ಕೆ ಜಾಸ್ತಿ ದೂರ ಬಿಡಬೇಕು, ಮೇಲಿನ ಮಣ್ಣು ತೆಳುವಾಗಿದ್ದರಂತೂ ಗುಡ್ಡವೇ ಎದ್ದು ಬರುತ್ತೆ. ನಮ್ಮ ಸುರಂಗದ ಬಾಯಿಯ ನೇರಕ್ಕೆ ಅಂಗನವಾಡಿ ಇದೆ.

1944ರ ನವೆಂಬರ್ 27ರಂದು ಇಂಗ್ಲೆಂಡಿನ ಫಾಲ್ಡ್‌ನಲ್ಲಿ ಹೀಗೇ ನೆಲದಡಿ ಇಟ್ಟ ಬಾಂಬುಗಳು ಸಿಡಿದು ಸುಮಾರು 70 ಜನ ಸತ್ತರು. ಸ್ವಿಟ್ಜರ್ಲೆಂಡಿನ ಮಿಥೋಲ್ಜ್‌ನಲ್ಲಿ 1947ರಲ್ಲಿ ಸಿಡಿದು ಉಳಿದ ಮದ್ದು ಇನ್ನೂ ಬೆಟ್ಟದೊಳಗಿದೆ. ಅದನ್ನು ತೆಗೆಯೋಕೆ 10 ವರ್ಷಕ್ಕೂ ಜಾಸ್ತಿ ಊರು ಬಿಡಬೇಕು ಅಂತ 2020ರಲ್ಲಿ ಅಲ್ಲಿನ ಜನಕ್ಕೆ ಹೇಳಿದರು. ಪಾಪ, ದಡ್ಡರು. ಮದ್ದು ಇರುವಾಗಲೇ ಊರು ಕಟ್ಟೋಕೆ ನಮ್ಮಲ್ಲಿ ಎನ್‌ಒಸಿ ಸಿಗುತ್ತೆ.

ಎಷ್ಟು ಮದ್ದಿಗೆ ಎಷ್ಟು ದೂರ ಬಿಡಬೇಕು ಅನ್ನೋ ಲೆಕ್ಕವೂ ಮಜವಾಗಿದೆ. ಇದು ಘನಮೂಲದ ಲೆಕ್ಕ. ಮದ್ದು 8 ಪಟ್ಟಾದರೆ ದೂರ 2 ಪಟ್ಟಾದರೆ ಸಾಕು. ಇಷ್ಟನ್ನು ಎಲ್ಲರೂ ಖುಷಿಯಾಗಿ ಒಪ್ತಾರೆ. ಉಲ್ಟಾ ಹಾಕಿದರೆ ಯಾರಿಗೂ ಬೇಡ. ಮನೆಗಳು ಅರ್ಧ ದೂರಕ್ಕೆ ಬಂದರೆ ಮದ್ದನ್ನು ಎಂಟನೇ ಒಂದು ಭಾಗಕ್ಕೆ ಇಳಿಸಬೇಕು. ಇಳಿಸಿದವರನ್ನು ಎಲ್ಲಾದರೂ ನೋಡಿದ್ದೀರಾ?

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಜಿಲೆಟಿನ್ ಸಿಡಿದಾಗ ಚಿಕ್ಕಮಗಳೂರು ಕಡೆಯವರೂ ಭೂಕಂಪ ಅಂದುಕೊಂಡರು. ಆ ರಾತ್ರಿ ಯಾವ ವೃತ್ತ ಎಲ್ಲಿತ್ತೋ.

ದೂರು ಕೊಡೋಣ ಅಂದರೆ ಕಂದಾಯದವರು ಗಣಿ ಇಲಾಖೆ ಕಡೆ ಕೈ ತೋರಿಸ್ತಾರೆ, ಗಣಿಯವರು ಸ್ಫೋಟಕ ಇಲಾಖೆ ಕಡೆ. ಪಂಚಾಯ್ತಿಯವರು ಮಾತ್ರ ನೇರ ಜನ: "ಮದ್ದಿನ ಮನೆ ಮೊದಲಿಂದ ಇತ್ತು, ನೀವೇ ವೃತ್ತದೊಳಗೆ ಬಂದಿದ್ದು" ಅಂದರು. ಸೈಟಿಗೆ ಖಾತೆ ಮಾಡಿಕೊಟ್ಟ ಸೀಲು ಮೇಜಿನ ಮೇಲೇ ಇತ್ತು, ಶಾಯಿ ಒಣಗಿರಲಿಲ್ಲ. ಸ್ಫೋಟಕ ಇಲಾಖೆಯ ಕೇಂದ್ರ ಕಚೇರಿ ಇರೋದು ನಾಗಪುರದಲ್ಲಿ. ಸದ್ಯ ಅರ್ಜಿ ಅಲ್ಲಿಗೆ ಹೋಗಿದೆ. ಅಷ್ಟು ದೂರ ಸಾಕು, ಅದಕ್ಕೇನೂ ಆಗಲ್ಲ.