ಮೈಲೇಜ್ ಬಿತ್ತು ಅಂದ ಕೂಡಲೇ ಇಂಜೆಕ್ಟರ್‌ಗೆ ಕೈ ಹಾಕಿಸಬೇಡಿ

ಟೂರಿಂಗ್ ಬೈಕ್ ಮೈಲೇಜ್ ಕೊಡುತ್ತಿಲ್ಲ ಅಂತ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು "ಇಂಜೆಕ್ಟರ್ ಕ್ಲೀನ್ ಮಾಡಿಸಿಬಿಡಿ ಸಾರ್". ಜೊತೆಗೆ ಟ್ಯಾಂಕಿಗೆ ಸುರಿಯಲು ಒಂದು ಬಾಟಲಿ ಕ್ಲೀನರ್. ನಾನಿದನ್ನು ಒಪ್ಪುವುದಿಲ್ಲ. ಇಂಜೆಕ್ಟರ್ ಅಂದರೆ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ನಳಿಗೆ. ಅದು ಕಟ್ಟಿಕೊಂಡರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತೆ, ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತೆ, ಏರಿನಲ್ಲಿ ಎಳೆಯಲ್ಲ. ಇದ್ಯಾವುದೂ ಇಲ್ಲದೆ ಮೈಲೇಜ್ ಮಾತ್ರ ಬಿದ್ದಿದ್ದರೆ ಇಂಜೆಕ್ಟರ್ ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ಜಾಗ. ಮೊದಲು ಅಳತೆ, ಆಮೇಲೆ ಚಕ್ರ, ಅದಾದ ಮೇಲೆ ಇಂಜಿನ್. ಈ ಕ್ರಮ ತಪ್ಪಿದರೆ ದುಡ್ಡು ಹೋಗುತ್ತೆ, ಮೈಲೇಜ್ ಬರಲ್ಲ.

ಅಳತೆಯಿಂದ ಶುರು ಮಾಡೋಣ. ಮೀಟರ್ ಕನ್ಸೋಲ್ ತೋರಿಸುವ ಮೈಲೇಜ್ ಅಳೆದ ಲೆಕ್ಕ ಅಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಮಾಡಿಕೊಂಡ ಅಂದಾಜು. ನಂಬಬೇಕಾದ್ದು ಟ್ಯಾಂಕ್ ಫುಲ್ ಟು ಟ್ಯಾಂಕ್ ಫುಲ್ ಲೆಕ್ಕ. ಅದನ್ನೂ ಸರಿಯಾಗಿ ಮಾಡಬೇಕು. ಒಂದು ಸಲ ಸೈಡ್ ಸ್ಟ್ಯಾಂಡಿನಲ್ಲಿ, ಇನ್ನೊಂದು ಸಲ ನೆಟ್ಟಗೆ ನಿಲ್ಲಿಸಿ ತುಂಬಿಸಿದರೆ ಅರ್ಧ ಲೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತೆ. ಮೂರು ಲೀಟರ್ ಸುಟ್ಟ ಮೇಲೆ ಲೆಕ್ಕ ಹಾಕಿದರೆ ಆ ಅರ್ಧ ಲೀಟರ್ ಅಂದರೆ ಶೇ. 16ಕ್ಕಿಂತ ಹೆಚ್ಚು ತಪ್ಪು. ಹತ್ತು ಲೀಟರ್ ಸುಟ್ಟ ಮೇಲೆ ಹಾಕಿದರೆ ಶೇ. 5. ಹಾಗಾಗಿ ಅದೇ ಬಂಕ್, ಅದೇ ಪಂಪ್, ಗಾಡಿ ನೆಟ್ಟಗೆ, ನಾಜಲ್ ತಾನಾಗಿ ಕಟ್ ಆದ ಮೊದಲ ಸಲಕ್ಕೇ ನಿಲ್ಲಿಸಿ. ಕನಿಷ್ಠ 250 ಕಿ.ಮೀ. ಓಡಿಸಿ. ಮೂರು ಸಲದ ಸರಾಸರಿ ತೆಗೆಯಿರಿ. ಟೈರ್ ಸೈಜ್ ಬದಲಾಯಿಸಿದ್ದರೆ ಓಡೋಮೀಟರ್ ಕೂಡ ತಪ್ಪು ಹೇಳಬಹುದು. ಜಿಪಿಎಸ್ ಹಾಕಿಕೊಂಡು 50 ಕಿ.ಮೀ. ಓಡಿಸಿ ತಾಳೆ ನೋಡಿ. ಬಂಕ್ ಮೇಲೇ ಅನುಮಾನ ಇದ್ದರೆ ಐದು ಲೀಟರ್ ಅಳತೆ ಪಾತ್ರೆ ತರಿಸಿ ಹಿಡಿಸಿ, ಕೇಳಲು ಸಂಕೋಚ ಬೇಡ. ಅದು ಗ್ರಾಹಕರ ಹಕ್ಕು.

ನಮ್ಮ ಕಡೆ ಇನ್ನೊಂದು ಲೆಕ್ಕ ಸೇರಿಸಲೇಬೇಕು, ಏರಿನದ್ದು. ಗಾಡಿ 190 ಕೆ.ಜಿ., ಇಬ್ಬರು ಸವಾರರು 150, ಲಗೇಜ್ 20, ಒಟ್ಟು 360 ಕೆ.ಜಿ. ಅಂದುಕೊಳ್ಳಿ. ಈ ಭಾರವನ್ನು 100 ಮೀಟರ್ ಮೇಲಕ್ಕೆ ಎತ್ತಲು ಸುಮಾರು 350 ಕಿಲೋಜೌಲ್ ಬೇಕು. ಇಂಜಿನ್ ಪೆಟ್ರೋಲಿನ ಶಕ್ತಿಯ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತೆ ಅಂತ ಹಿಡಿದರೆ, ಪ್ರತಿ 100 ಮೀಟರ್ ಏರಿಗೆ ಹತ್ತಿರ ಹತ್ತಿರ 50 ಮಿಲಿ ಪೆಟ್ರೋಲ್ ಹೆಚ್ಚುವರಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ. ಗಾಡಿ ಹೋಗುವ ರಸ್ತೆಯಲ್ಲಿ 700 ಮೀಟರ್ ಏರಿದರೂ 350 ಮಿಲಿ ಬರೀ ಎತ್ತರಕ್ಕೇ ಖರ್ಚು. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ವಾಪಸ್ ಸಿಗುತ್ತೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತೆ. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದ ಮೈಲೇಜನ್ನೂ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋದ ಮೈಲೇಜನ್ನೂ ಪಕ್ಕಪಕ್ಕ ಇಟ್ಟು ಗಾಡಿ ಕೆಟ್ಟಿದೆ ಅನ್ನಬೇಡಿ. ಹೋಲಿಸುವುದಾದರೆ ಅದೇ ದಾರಿ, ಹೋಗಿ ಬಂದು, ಅದೇ ಭಾರ.

ಸರಿಯಾಗಿ ಅಳೆದ ಮೇಲೂ ಮೈಲೇಜ್ ಕಡಿಮೆ ಅಂತಲೇ ಬಂದರೆ ಈಗ ಚಕ್ರ. ಮಲೆನಾಡಿನ ಗಾಡಿಗಳಲ್ಲಿ ನನ್ನ ಮೊದಲ ಅನುಮಾನ ಯಾವತ್ತೂ ಬ್ರೇಕ್ ಮೇಲೆ. ಮೂಡಿಗೆರೆ, ಸಕಲೇಶಪುರದ ಎಸ್ಟೇಟ್ ರಸ್ತೆಯ ಕೆಸರು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೆ ಹೋಗಿ ಒಣಗಿ ಕೂತುಬಿಡುತ್ತೆ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಪ್ಯಾಡ್ ಸಣ್ಣಗೆ ಉಜ್ಜುವ ಸದ್ದು ಬಂದರೆ ತೊಂದರೆ ಇಲ್ಲ. ಈಗ ಬ್ರೇಕ್ ಜೋರಾಗಿ ಒತ್ತಿ, ಬಿಟ್ಟು, ಮತ್ತೆ ತಿರುಗಿಸಿ. ಮೊದಲಿಗಿಂತ ಬಿಗಿ ಅನಿಸಿದರೆ ಬ್ರೇಕ್ ಹಿಡಿದುಕೊಳ್ಳುತ್ತಿದೆ. ರಸ್ತೆಯಲ್ಲಿ ನೋಡುವುದಾದರೆ ಸಮತಟ್ಟಾದ ಕಡೆ ಐದಾರು ಕಿ.ಮೀ. ಬ್ರೇಕ್ ಮುಟ್ಟದಂತೆ ಓಡಿಸಿ, ನಿಧಾನ ಮಾಡಿ ತಾನಾಗಿ ನಿಲ್ಲಲು ಬಿಡಿ. ಕೈಯನ್ನು ಡಿಸ್ಕ್ ಹತ್ತಿರ ಹಿಡಿಯಿರಿ, ಮುಟ್ಟಬೇಡಿ, ಸುಡುತ್ತೆ. ಬ್ರೇಕೇ ಹಾಕದ ಡಿಸ್ಕ್ ಕಾವು ಹೊಡೆಯುತ್ತಿದೆ ಅಂದರೆ ನಿಮ್ಮ ಪೆಟ್ರೋಲ್ ಅಲ್ಲಿ ಉರಿಯುತ್ತಿದೆ.

ಬಿಗಿ ಎಲ್ಲಿದೆ ಅಂತ ಕಂಡುಹಿಡಿಯುವುದೂ ಕಷ್ಟ ಅಲ್ಲ. ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರಿನ ಬ್ಲೀಡ್ ನಿಪಲ್‌ಗೆ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಪೈಪ್ ಸಿಕ್ಕಿಸಿ ಸ್ವಲ್ಪ ಸಡಿಲ ಮಾಡಿ. ಎರಡು ಹನಿ ಆಯಿಲ್ ಚಿಮ್ಮಿ ಚಕ್ರ ಫ್ರೀ ಆದರೆ ಒತ್ತಡ ವಾಪಸ್ ಹೋಗುತ್ತಿಲ್ಲ ಅಂತ ಅರ್ಥ. ಆಗ ನೋಡಬೇಕಾದ್ದು ಮಾಸ್ಟರ್ ಸಿಲಿಂಡರ್ (ಬ್ರೇಕ್ ಒತ್ತಿದಾಗ ಆಯಿಲ್ ತಳ್ಳುವ ಭಾಗ), ಲಿವರ್ ಅಥವಾ ಪೆಡಲ್ ಫ್ರೀ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮೊದಲಿನ ಸಡಿಲ. ಪೆಡಲ್ ಎತ್ತರ ತಿದ್ದಲು ಹೋಗಿ ಫ್ರೀ ಪ್ಲೇ ಪೂರ್ತಿ ತೆಗೆದುಬಿಟ್ಟಿರುವ ಗಾಡಿಗಳಲ್ಲಿ ಹೀಗಾಗುತ್ತೆ. ನಿಪಲ್ ಬಿಟ್ಟರೂ ಚಕ್ರ ಬಿಗಿಯಾಗೇ ಇದ್ದರೆ ಕ್ಯಾಲಿಪರ್ ಪಿನ್ ಅಥವಾ ಪಿಸ್ಟನ್. ಕ್ಯಾಲಿಪರ್ ಬಿಚ್ಚಿ ಪಿನ್ ಹೊರಗೆಳೆದರೆ ಗ್ರೀಸ್ ಇರಬೇಕಾದ ಕಡೆ ಬೂದು ಬಣ್ಣದ ಗಟ್ಟಿ ಹಿಟ್ಟು ಅಂಟಿರುತ್ತೆ, ಬೆರಳಿನಲ್ಲಿ ಕೆರೆದರೆ ಪುಡಿ ಉದುರುತ್ತೆ. ಬ್ರೇಕ್ ಕ್ಲೀನರಿನಿಂದ ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಮಾಮೂಲಿ ಚಾಸಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಊದಿಕೊಂಡು ಪಿನ್ ಮೊದಲಿಗಿಂತ ಬಿಗಿಯಾಗುತ್ತೆ. ಪಿಸ್ಟನ್ನಿನ ಹೊರಭಾಗವನ್ನು ಹಲ್ಲುಜ್ಜುವ ಬ್ರಷ್ ಮತ್ತು ಸೋಪಿನ ನೀರಿನಲ್ಲಿ ತಿಕ್ಕಿ, ಆಮೇಲೆ ಒಳಕ್ಕೆ ತಳ್ಳಿ. ಕೊಳೆ ಸಮೇತ ತಳ್ಳಿದರೆ ಸೀಲ್ ಹೋಗುತ್ತೆ. ಕೈ ಪಳಗಿಲ್ಲದವರು ಈ ಕೆಲಸವನ್ನು ಪಕ್ಕದಲ್ಲಿ ನಿಂತು ಮಾಡಿಸಿ, ಇದು ಪ್ರಾಣದ ವಿಷಯ.

ಟೈರ್ ಗಾಳಿ ತಣ್ಣಗಿರುವಾಗ ನೋಡಬೇಕು. ಓಡಿಸಿಕೊಂಡು ಬಂದು ಬಿಸಿ ಟೈರಿಗೆ ಹಿಡಿಸಿದರೆ ಗೇಜ್ ಮೂರು ನಾಲ್ಕು ಪಿಎಸ್ಐ ಜಾಸ್ತಿ ತೋರಿಸುತ್ತೆ, ಬೆಳಗ್ಗೆ ಅಷ್ಟೂ ಕಡಿಮೆ ಇರುತ್ತೆ. ಗಾಡಿಯ ಸ್ಟಿಕ್ಕರಿನಲ್ಲಿ ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ ಲೆಕ್ಕ ಇರುತ್ತೆ, ಅದನ್ನೇ ಅನುಸರಿಸಿ. ಗುಬುಟು ಗುಬುಟಾದ ಆಫ್‌ರೋಡ್ ಟೈರ್ ಹಾಕಿಸಿದವರು ಸ್ವಲ್ಪ ಮೈಲೇಜ್ ಬಿಟ್ಟುಕೊಡಲೇಬೇಕು.

ಚೈನ್ ವಿಷಯದಲ್ಲಿ ಸಡಿಲಕ್ಕಿಂತ ಬಿಗಿ ಕೆಟ್ಟದ್ದು. ಖಾಲಿ ಗಾಡಿಯಲ್ಲಿ ಸರಿ ಕಾಣುವ ಚೈನ್, ಇಬ್ಬರು ಕೂತು ಬಾಕ್ಸ್ ಏರಿಸಿದಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೆದ್ದು ಬಿಗಿದುಕೊಳ್ಳುತ್ತೆ. ಚಕ್ರ ತಿರುಗಿಸುತ್ತಾ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಿರಿ. ಸ್ಟಿಕ್ಕರಿನ ಮಿತಿಯೊಳಗೆ ಸಡಿಲ ಇರುವ ಕಡೆಗೇ ಇಡಿ. ತೊಳೆಯಲು ಸೀಮೆಎಣ್ಣೆ ಸಾಕು, ಪೆಟ್ರೋಲ್ ಹಾಕಿದರೆ ಚೈನಿನ ಕೊಂಡಿಗಳ ರಬ್ಬರ್ ಓ-ರಿಂಗ್ ಹಾಳು.

ಇನ್ನು ಕ್ಲಚ್. ಟಾಪ್ ಗೇರಿನಲ್ಲಿ 60ರ ವೇಗದಲ್ಲಿ ಒಮ್ಮೆಲೇ ಪೂರ್ತಿ ರೇಸ್ ಕೊಡಿ. ಆರ್‌ಪಿಎಂ ಮುಳ್ಳು ಹಾರಿ, ವೇಗ ಹಿಂದೆ ಉಳಿದರೆ ಪ್ಲೇಟ್ ಜಾರುತ್ತಿದೆ. ಪ್ಲೇಟ್ ಬದಲಾಯಿಸುವ ಮೊದಲು ಕೇಬಲ್ ಫ್ರೀ ಪ್ಲೇ ಇದೆಯಾ, ಒಳಗಿರುವುದು ಯಾವ ಆಯಿಲ್ ಅಂತ ನೋಡಿ. ಕಾರಿನ ಆಯಿಲ್ ಹಾಕಿದ್ದರೆ ಒದ್ದೆ ಕ್ಲಚ್ (ಇಂಜಿನ್ ಆಯಿಲಿನಲ್ಲೇ ಓಡುವ ಕ್ಲಚ್) ಜಾರುವುದು ಸಹಜ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು, ಅದು ಒದ್ದೆ ಕ್ಲಚ್‌ಗೆ ಹೊಂದುವ ಆಯಿಲಿನ ಗುರುತು.

ಈಗ ಇಂಜಿನ್. ಏಪ್ರಿಲ್ 2020ರಿಂದ ಬಂದ ಬಿಎಸ್6 ಟೂರಿಂಗ್ ಬೈಕ್‌ಗಳಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಬೆಂಡ್ ಪೈಪಿನ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಪೈಪ್) ಮೇಲೆ. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಕಂಡರೆ ಇಸಿಯು ಪೆಟ್ರೋಲ್ ಏರಿಸುತ್ತೆ, ಕಡಿಮೆ ಕಂಡರೆ ಇಳಿಸುತ್ತೆ. ಸೈಲೆನ್ಸರ್ ಬದಲಾಯಿಸಿದಾಗ ಹಳೇ ಪ್ಯಾಕಿಂಗನ್ನೇ ಮತ್ತೆ ಹಾಕಿದರೆ ಸೆನ್ಸರ್‌ಗಿಂತ ಮುಂಚೆ ಸಣ್ಣ ಲೀಕ್ ಉಳಿಯುತ್ತೆ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರುತ್ತೆ, ಸೆನ್ಸರ್ ಅದನ್ನೇ ನಂಬುತ್ತೆ, ಇಸಿಯು ಸುಮ್ಮನೆ ಪೆಟ್ರೋಲ್ ಸುರಿಯುತ್ತಾ ಹೋಗುತ್ತೆ. ಸೆನ್ಸರ್ ಕೆಟ್ಟಿಲ್ಲವಾದ್ದರಿಂದ ಎಷ್ಟೋ ಸಲ ಚೆಕ್ ಇಂಜಿನ್ ಲೈಟ್ ಕೂಡ ಬರಲ್ಲ. ಸಿಲಿಂಡರ್ ಹೆಡ್ಡಿಗೆ ಪೈಪ್ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ, ರೇಸ್ ಬಿಟ್ಟಾಗ ಪಟಪಟ ಸದ್ದು, ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುವುದು, ಇವೇ ಗುರುತು. ಹೊಸ ಪ್ಯಾಕಿಂಗ್ ಹಾಕಿ ಎರಡೂ ನಟ್ ಸಮನಾಗಿ ಬಿಗಿದರೆ ಮುಗಿಯಿತು.

ಎರಡನೆಯದು ತಾಪಮಾನ. ಇಂಜಿನ್ ತಣ್ಣಗಿದೆ ಅಂತ ಇಸಿಯು ತಿಳಿದಿರುವಷ್ಟು ಹೊತ್ತೂ ಪೆಟ್ರೋಲ್ ಹೆಚ್ಚು ಕೊಡುತ್ತೆ. ರೇಡಿಯೇಟರ್ ಇರುವ ಗಾಡಿಯಲ್ಲಿ ಥರ್ಮೋಸ್ಟಾಟ್ (ಬಿಸಿಯಾದಾಗ ಮಾತ್ರ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆದೇ ಉಳಿದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಚಿಕ್ಕಮಗಳೂರಿನಿಂದ ಬೇಲೂರು ಮುಟ್ಟಿದರೂ ಟೆಂಪರೇಚರ್ ಗೆರೆ ಮೇಲೇಳಲ್ಲ. ಹಾಗಿದ್ದರೆ ಥರ್ಮೋಸ್ಟಾಟ್ ಬಿಚ್ಚಿ ನೋಡಿ. ತಣ್ಣಗಿರುವಾಗ ಅದು ಪೂರ್ತಿ ಮುಚ್ಚಿರಬೇಕು, ಕುದಿಯುವ ನೀರಿಗೆ ಹಾಕಿದಾಗ ತೆರೆಯಬೇಕು. ಗಾಳಿಯಿಂದ ತಣಿಯುವ ಗಾಡಿಯಲ್ಲಿ ತಾಪಮಾನ ಸೆನ್ಸರಿನ ರೆಸಿಸ್ಟೆನ್ಸ್ ಮೀಟರಿನಲ್ಲಿ ನೋಡಿ, ಬಿಸಿಯಾದ ಹಾಗೆ ಇಳಿಯಬೇಕು.

ಏರ್ ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕಾರ್ಬೊರೇಟರ್ ಗಾಡಿಯಲ್ಲಿ ಕಟ್ಟಿದ ಫಿಲ್ಟರ್ ಮೈಲೇಜ್ ತಿನ್ನುತ್ತೆ, ನಿಜ. ಇಂಜೆಕ್ಷನ್ ಗಾಡಿಯಲ್ಲಿ ಗಾಳಿ ಕಡಿಮೆಯಾದರೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡಿಕೊಳ್ಳುತ್ತೆ. ಪವರ್ ಬೀಳುತ್ತೆ, ಮೈಲೇಜ್ ಅಷ್ಟಾಗಿ ಬೀಳಲ್ಲ. ಫಿಲ್ಟರ್ ಬದಲಾಯಿಸಿ, ಇಂಜಿನ್ ಆಯುಷ್ಯಕ್ಕೆ ಬೇಕು, ಆದರೆ ಅದೊಂದರಿಂದಲೇ ಐದು ಕಿ.ಮೀ. ವಾಪಸ್ ಬರುತ್ತೆ ಅಂತ ಕಾಯಬೇಡಿ. ಹಳೇ ಕಾರ್ಬೊರೇಟರ್ ಗಾಡಿಯವರು ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿದೆಯಾ ನೋಡಿ, ಇಂಜಿನ್ ಆಯಿಲ್ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಕಾರ್ಬೊರೇಟರಿಗೆ ಪೆಟ್ರೋಲ್ ತಡೆಯುವ ಫ್ಲೋಟ್ ವಾಲ್ವ್ ಸೋರುತ್ತಿದೆ.

ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಮೇಲೆ ಎಲ್ಲವನ್ನೂ ಹೊರಿಸುವವರಿಗೊಂದು ಮಾತು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಇ10ರಿಂದ ಇ20ಗೆ ಬಂದಾಗ ಲೆಕ್ಕದ ಪ್ರಕಾರ ಕಳೆದುಹೋಗುವುದು ಶೇ. 3.5ರಷ್ಟು. ಇ10ಗೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ನೀತಿ ಆಯೋಗದ 2021ರ ವರದಿ ಹೇಳಿದ್ದೂ ಶೇ. 3ರಿಂದ 4. ಅಂದರೆ 35 ಕೊಡುತ್ತಿದ್ದ ಗಾಡಿ 34ರ ಆಸುಪಾಸಿಗೆ ಬರುತ್ತೆ. 27ಕ್ಕೆ ಬಂದಿದ್ದರೆ ಕಾರಣ ಬೇರೆ ಇದೆ, ಹುಡುಕಿ. ಮಳೆಗಾಲದಲ್ಲಿ ಮಾತ್ರ ಟ್ಯಾಂಕ್ ಮುಚ್ಚಳದ ರಬ್ಬರ್, ಅದರ ಸುತ್ತ ನಿಂತ ನೀರು ಇಳಿಯುವ ಸಣ್ಣ ಪೈಪ್ ಕಟ್ಟಿದೆಯಾ ನೋಡಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ.

ಸವಾರಿಯಲ್ಲಿ ಎರಡು ಸಂಗತಿ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಶೇ. 56 ಹೆಚ್ಚುತ್ತೆ. ಎನ್‌ಎಚ್ 75ರಲ್ಲಿ ಎರಡೂ ಕಡೆ ಅಗಲದ ಬಾಕ್ಸ್ ಕಟ್ಟಿಕೊಂಡು 110ರಲ್ಲಿ ಹೋಗಿ ಮೈಲೇಜ್ ಕೇಳಿದರೆ ಆ ಗಾಡಿ ಎಲ್ಲಿಂದ ತರಬೇಕು? ಊರೊಳಗೆ ಓಡಿಸುವ ದಿನಗಳಲ್ಲಿ ಬಾಕ್ಸ್ ಬಿಚ್ಚಿಡಿ. ಎರಡನೆಯದು, ಚಾರ್ಮಾಡಿ, ಶಿರಾಡಿ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ, ಇಂಜಿನ್ ಆಫ್ ಅಂತೂ ಬೇಡವೇ ಬೇಡ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲೇ ರೇಸ್ ಪೂರ್ತಿ ಬಿಟ್ಟರೆ ಇಸಿಯು ಪೆಟ್ರೋಲ್ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಿಸಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ತಿರುವಿನಲ್ಲಿ ಕೈಕೊಡುತ್ತೆ.

ಇಷ್ಟು ನೋಡಿಕೊಂಡು ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ "ಮೈಲೇಜ್ ಕಮ್ಮಿ" ಅಂತಷ್ಟೇ ಬರೆಸಬೇಡಿ. "ಹಿಂದಿನ ಡಿಸ್ಕ್ ಬ್ರೇಕ್ ಹಾಕದೆಯೇ ಬಿಸಿಯಾಗುತ್ತೆ, ನಿಪಲ್ ಬಿಟ್ಟರೆ ಚಕ್ರ ಫ್ರೀ ಆಗುತ್ತೆ" ಅಂತ ಬರೆಸಿ. ಬ್ರೇಕ್ ಸರಿ ಇದ್ದರೆ "ಬೆಂಡ್ ಪೈಪ್ ಪ್ಯಾಕಿಂಗ್ ಹತ್ತಿರ ಮಸಿ ಇದೆ, ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ ನೋಡಿ" ಅಂತ ಬರೆಸಿ. ಟ್ರಿಮ್ ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಏರಿಳಿಸುತ್ತಿದೆ ಅನ್ನುವ ಲೆಕ್ಕ. ಅದು ಸದಾ ಪ್ಲಸ್ 10ರ ಮೇಲೇ ನಿಂತಿದ್ದರೆ ಇಸಿಯು ಏನನ್ನೋ ಸರಿದೂಗಿಸಲು ಪೆಟ್ರೋಲ್ ಏರಿಸುತ್ತಿದೆ. ಆಗ ಮೊದಲು ಲೀಕ್ ಹುಡುಕಲಿ, ಲೀಕ್ ಸಿಗದಿದ್ದರೆ ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಒತ್ತಡ ಅಳೆಯಲಿ. ಇಂಜೆಕ್ಟರ್ ಬಿಚ್ಚುವುದು ಅದೂ ಸರಿ ಅಂತ ಬಂದ ಮೇಲೆ.