ಸತ್ತವಳ ಹೆಸರು ತಿಳಿಯಲು ಮೂರು ತಿಂಗಳು

ಹಾಸನದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಒಂದು ಪುಸ್ತಕಕ್ಕೆ ದಿನಕ್ಕೆ ಐವತ್ತು ಪೈಸೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಾನು ಓದಿದ್ದೆಲ್ಲ ಅಲ್ಲಿಂದ ತಂದು. ಮಾರನೇ ದಿನ ವಾಪಸ್ ಕೊಡದಿದ್ದರೆ ಇನ್ನೊಂದು ಐವತ್ತು ಪೈಸೆ ತೆರಬೇಕು. ಅದಕ್ಕೇ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದೆ. ಮುಗಿಸುವುದು ಕಷ್ಟವೂ ಇರಲಿಲ್ಲ. ಪುರುಷೋತ್ತಮ, ಮಧುಸೂದನ, ಅರಿಂಜಯ, ಈ ಪತ್ತೇದಾರರು ಒಂದು ಕಡೆ ನಿಲ್ಲುವವರೇ ಅಲ್ಲ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕಾಲು ಚಾಚಲೂ ಹೆದರಿಕೆಯಾಗುತ್ತಿತ್ತು. ನೂರಾರು ಕಾದಂಬರಿ ಬರೆದು ಎಷ್ಟೋ ಮನೆಗಳಿಗೆ ಓದುವ ರುಚಿ ಹತ್ತಿಸಿದವರು ಅವರು. ಆ ಋಣ ನನ್ನ ಮೇಲೂ ಇದೆ.

ಈಗ ಹನ್ನೊಂದು ವರ್ಷದಿಂದ ಸ್ವೀಡನ್ನಿನ ಮಾಲ್ಮೋದಲ್ಲಿದ್ದೇನೆ. ಬಂದ ಹೊಸತರಲ್ಲಿ ಸಂಜೆ ಹೊತ್ತು ಸ್ವೀಡಿಷ್ ಕಲಿಯಲು ಹೋಗುತ್ತಿದ್ದೆ. ಪಾಠ ಹೇಳುತ್ತಿದ್ದ ಟೀಚರಮ್ಮ ಒಂದು ಹಳೆಯ ಪುಸ್ತಕ ಕೈಗಿಟ್ಟು, "ವಾಕ್ಯಗಳು ಚಿಕ್ಕವು, ನಿಮಗೆ ಅರ್ಥವಾಗುತ್ತೆ" ಅಂದರು. ಅದು ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಜೋಡಿಯ 'ರೋಸಾನಾ', 1965ರದ್ದು. ಕೊಲೆಯ ಕಥೆ ಅಂತ ಗೊತ್ತಾದಾಗ ಖುಷಿಯಾಯಿತು. ಇದೂ ಒಂದು ರಾತ್ರಿಯ ಕೆಲಸ ಅಂದುಕೊಂಡೆ.

ನಲವತ್ತು ಪುಟ ದಾಟುವಷ್ಟರಲ್ಲಿ ಬೇಸರ ಬಂತು. ಜುಲೈ 8ರ ಮಧ್ಯಾಹ್ನ ಮೂಟಾಲಾ ಊರಿನ ಹತ್ತಿರ, ಯೋಟಾ ಕಾಲುವೆಯಲ್ಲಿ ಹೂಳೆತ್ತುವ ಯಂತ್ರಕ್ಕೆ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಗುರುತಿಲ್ಲ. ಆಮೇಲೆ ಏನೂ ಆಗುವುದಿಲ್ಲ! ಪೊಲೀಸರು ಕಾಗದ ಬರೆಯುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಮಾರ್ಟಿನ್ ಬೆಕ್ ಎಂಬ ತನಿಖಾಧಿಕಾರಿಗೆ ನೆಗಡಿ, ಹೊಟ್ಟೆ ಸರಿಯಿಲ್ಲ, ಮನೆಯಲ್ಲಿ ಹೆಂಡತಿಯ ಜೊತೆ ಮಾತು ಕಡಿಮೆ. ಅವನು ಬಿಡುವಿದ್ದಾಗ ಹಡಗಿನ ಮಾದರಿ ಜೋಡಿಸುತ್ತಾ ಕೂರುತ್ತಾನೆ. ಸತ್ತವಳ ಹೆಸರು ತಿಳಿಯುವುದಕ್ಕೇ ಮೂರು ತಿಂಗಳು ಹಿಡಿಯುತ್ತದೆ.

ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆಗೆದದ್ದು ನವೆಂಬರಿನಲ್ಲಿ. ಇಲ್ಲಿ ಆಗ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಮಾಲ್ಮೋ ಕಡೆ ಹಿಮಕ್ಕಿಂತ ಮಳೆ, ಮಂಜೇ ಜಾಸ್ತಿ. ಹೊರಗೆ ಹೋಗುವ ಹಾಗಿಲ್ಲ. ನಿಧಾನವಾಗಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಗ ಒಂದು ವಿಷಯ ತಲೆಗೆ ಹೋಯಿತು. ಅವಳ ಹೆಸರು ಗೊತ್ತಾದ ಗಳಿಗೆಯಲ್ಲಿ ನನ್ನ ಎದೆಯೂ ಡವಡವ ಅಂದಿತ್ತು. ಅಮೆರಿಕದ ಲಿಂಕನ್ ಊರಿನ ಲೈಬ್ರರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಒಬ್ಬಳೇ ಪ್ರವಾಸಕ್ಕೆ ಬಂದು ಆ ಕಾಲುವೆಯ ಪ್ರಯಾಣಿಕರ ದೋಣಿ ಹತ್ತಿದ್ದಳು. ಅಲ್ಲಿಯವರೆಗೆ ಹೆಣವಾಗಿದ್ದವಳು ಅಲ್ಲಿಂದ ಮುಂದೆ ಒಬ್ಬ ಮನುಷ್ಯಳಾಗುತ್ತಾ ಹೋಗುತ್ತಾಳೆ. ಅವಳ ಗೆಳತಿ ಏನು ಹೇಳಿದಳು, ಯಾವ ಬಟ್ಟೆ ಹಾಕುತ್ತಿದ್ದಳು, ಯಾರನ್ನು ಮೆಚ್ಚುತ್ತಿದ್ದಳು. ಅದೇ ದೋಣಿಯಲ್ಲಿದ್ದ ಬೇರೆ ಬೇರೆ ದೇಶದ ಪ್ರಯಾಣಿಕರು ತೆಗೆದ ಫೋಟೋ, ಫಿಲಂಗಳನ್ನೆಲ್ಲ ಪೊಲೀಸರು ತರಿಸುತ್ತಾರೆ. ಆ ಫಿಲಂನಲ್ಲಿ ಅವಳು ಓಡಾಡುವುದನ್ನು ಬೆಕ್ ನೋಡುವ ಪುಟಗಳಿವೆಯಲ್ಲ, ಅವುಗಳನ್ನು ನಾನು ಇನ್ನೂ ಮರೆತಿಲ್ಲ.

ನನಗೆ ಈ ಬಗೆಯ ಕಥೆ ಹಿಡಿಸುವುದು ಇದಕ್ಕೇ. ವೇಗದ ಪತ್ತೇದಾರಿಯಲ್ಲಿ ಸತ್ತವರು ಮೊದಲ ಅಧ್ಯಾಯಕ್ಕೆ ಬೇಕಾದವರು. ಹೆಣ ಬಿದ್ದ ಮೇಲೆ ಅವರ ಕೆಲಸ ಮುಗಿಯಿತು, ಉಳಿದದ್ದು ಪತ್ತೇದಾರನ ಜಾಣತನ. ನಿಧಾನದ ಕಥೆಯಲ್ಲಿ ಸತ್ತವರು ಪುಟಪುಟಕ್ಕೂ ದೊಡ್ಡವರಾಗುತ್ತಾರೆ. ಕೊನೆಗೆ ಕೊಲೆಗಾರ ಸಿಕ್ಕಾಗ, ಒಬ್ಬರು ಇಲ್ಲವಾದರಲ್ಲಾ ಅಂತ ಸಂಕಟವಾಗುತ್ತದೆ. ಅಷ್ಟು ಸಂಕಟವಾಗಲು ಅಷ್ಟು ಪುಟ ಬೇಕೇ ಬೇಕು. ಅವಸರದಲ್ಲಿ ಯಾರ ಪರಿಚಯ ತಾನೇ ಆಗುತ್ತದೆ?

ಆ ಜೋಡಿ 1965ರಿಂದ 1975ರ ನಡುವೆ ಹತ್ತು ಕಾದಂಬರಿ ಬರೆದರು. ಪ್ರತಿಯೊಂದಕ್ಕೂ ಮೂವತ್ತು ಅಧ್ಯಾಯ. ಮಕ್ಕಳನ್ನು ಮಲಗಿಸಿ, ರಾತ್ರಿ ಕೂತು, ಒಂದು ಅಧ್ಯಾಯ ಒಬ್ಬರು, ಇನ್ನೊಂದು ಮತ್ತೊಬ್ಬರು. ಕೊನೆಯದು ಬಂದ 1975ರಲ್ಲೇ ಪೇರ್ ವಾಲೋ ತೀರಿಕೊಂಡರು.

ಮಾಲ್ಮೋದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಈಸ್ಟಾಡ್ ಸಿಗುತ್ತದೆ. ಸಮುದ್ರದ ಪಕ್ಕದ ಸಣ್ಣ ಊರು. ಮೇ ತಿಂಗಳಲ್ಲಿ ದಾರಿಯ ಎರಡೂ ಕಡೆ ಹೊಲಗಳೆಲ್ಲ ಹಳದಿ ಹೂವು. ಸ್ವೀಡಿಷ್ ಲೇಖಕ ಹೆನ್ನಿಂಗ್ ಮಾಂಕೆಲ್ ತಮ್ಮ ಕಾದಂಬರಿಗಳ ಪೊಲೀಸ್ ಅಧಿಕಾರಿ ಕುರ್ಟ್ ವಲ್ಲಾಂಡರ್‌ನನ್ನು ಇಟ್ಟಿದ್ದು ಈ ಊರಿನಲ್ಲಿ. ಮೊದಲ ಕಾದಂಬರಿ ಬಂದದ್ದು 1991ರಲ್ಲಿ. ಅದರ ಶುರುವಿನಲ್ಲಿ ಒಂಟಿ ತೋಟದ ಮನೆಯೊಂದರಲ್ಲಿ ವಯಸ್ಸಾದ ರೈತ ದಂಪತಿಯ ಮೇಲೆ ದಾಳಿಯಾಗುತ್ತದೆ. ಗಂಡ ಅಲ್ಲೇ ಸತ್ತಿರುತ್ತಾನೆ. ಹೆಂಡತಿ ಆಸ್ಪತ್ರೆಯಲ್ಲಿ ಪ್ರಾಣ ಬಿಡುವ ಮೊದಲು ಒಂದೇ ಮಾತು ಹೇಳುತ್ತಾಳೆ: "ವಿದೇಶಿ."

ಆ ಮಾತು ಠಾಣೆಯಿಂದ ಹೊರಗೆ ಸೋರುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಏನೂ ಅರಿಯದ ಒಬ್ಬ ಸೊಮಾಲಿ ಮನುಷ್ಯನ ಜೀವ ಹೋಗುತ್ತದೆ. ಇದನ್ನು ನಾನು ಓದಿದ್ದು ರೈಲಿನಲ್ಲಿ, ಸುತ್ತ ಕೂತವರೆಲ್ಲ ಬಿಳಿಯರು. ಯಾರೂ ನನ್ನನ್ನು ಕೆಟ್ಟ ಕಣ್ಣಿನಿಂದ ನೋಡಿರಲಿಲ್ಲ. ಆದರೂ ಪುಸ್ತಕದ ಮುಖಪುಟವನ್ನು ತೊಡೆಗೆ ಒತ್ತಿ ಮುಚ್ಚಿಕೊಂಡಿದ್ದೆ. ಪರದೇಶದಲ್ಲಿ ಇರುವವರಿಗೆ ಆ ಒಂದು ಪದದ ತೂಕ ಗೊತ್ತು. ಮಾಂಕೆಲ್ ಆಫ್ರಿಕಾದಲ್ಲಿ ಇದ್ದು ಊರಿಗೆ ಮರಳಿದಾಗ, ಇಲ್ಲಿ ಬೆಳೆಯುತ್ತಿದ್ದ ಪರಕೀಯರ ದ್ವೇಷ ಕಂಡು ಈ ಕಥೆ ಬರೆದರು. ತನಿಖೆ ಆರು ತಿಂಗಳಿಗೂ ಜಾಸ್ತಿ ಎಳೆಯುತ್ತದೆ. ಅಷ್ಟು ದಿನವೂ ಊರು ಅನುಮಾನದಲ್ಲೇ ಬದುಕುತ್ತದೆ. ಎರಡು ದಿನದಲ್ಲಿ ಕೊಲೆಗಾರ ಸಿಕ್ಕಿಬಿಟ್ಟಿದ್ದರೆ ಆ ಅನುಮಾನ ನಮಗೆ ಕಾಣುತ್ತಲೇ ಇರಲಿಲ್ಲ.

ವಲ್ಲಾಂಡರ್‌ಗೆ ಒಬ್ಬ ಮುದಿ ತಂದೆ ಇದ್ದಾನೆ. ಅವನು ಜೀವನವಿಡೀ ಒಂದೇ ಚಿತ್ರ ಬಿಡಿಸುತ್ತಾ ಬಂದಿದ್ದಾನೆ. ಒಂದರಲ್ಲಿ ಕಾಡುಕೋಳಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಅವನಿಗೆ ಮರೆವು ಶುರುವಾಗಿದೆ. ಹೋಗಿ ನೋಡಬೇಕು, ನೋಡಬೇಕು ಅಂತ ಮಗ ದಿನ ದೂಡುತ್ತಾನೆ. ಆ ಭಾಗ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಹಾಸನಕ್ಕೆ ಫೋನ್ ಮಾಡಿದೆ. ಅಪ್ಪ, "ಏನಪ್ಪಾ, ಇವತ್ತು ಭಾನುವಾರ ಅಲ್ವಲ್ಲ?" ಅಂದರು.

ಇಲ್ಲಿಯ ಪತ್ರಿಕೆಗಳೂ ಅವಸರಪಡುವುದು ಕಡಿಮೆ. ಯಾರನ್ನಾದರೂ ಹಿಡಿದರೆ ಸಾಮಾನ್ಯವಾಗಿ ತಕ್ಷಣ ಹೆಸರು ಹಾಕುವುದಿಲ್ಲ, '35 ವರ್ಷದ ವ್ಯಕ್ತಿ' ಅಂತಷ್ಟೇ ಬರೆಯುತ್ತಾರೆ. ಪ್ರಧಾನಿ ಓಲೋಫ್ ಪಾಲ್ಮೆ 1986ರ ಫೆಬ್ರವರಿ 28ರ ರಾತ್ರಿ ಸಿನಿಮಾ ನೋಡಿ ನಡೆದು ಬರುವಾಗ ಸ್ಟಾಕ್‌ಹೋಮ್ ಬೀದಿಯಲ್ಲೇ ಗುಂಡಿಗೆ ಬಲಿಯಾದರು. 1989ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು, ಅದೇ ವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯೂ ಆಯಿತು. ಮೂವತ್ತನಾಲ್ಕು ವರ್ಷ ತನಿಖೆ ನಡೆದು 2020ರಲ್ಲಿ ಕಡತ ಮುಚ್ಚಿದರು. ಉತ್ತರ ಸಿಗದೆ ಕಾಯುವುದು ಈ ಜನಕ್ಕೆ ಅಭ್ಯಾಸವಾಗಿದೆ ಅನಿಸುತ್ತದೆ.

ಊರಿಗೆ ಬಂದಾಗ ರಾತ್ರಿ ಟಿವಿ ಹಾಕಿದರೆ ಬೇರೆಯೇ ಲೋಕ. ಬೆಳಿಗ್ಗೆ ನಡೆದ ಕೊಲೆಗೆ ಸಂಜೆಯೊಳಗೆ ಹಿನ್ನೆಲೆ ಸಂಗೀತ ಬಂದಿರುತ್ತದೆ. ಸತ್ತ ಹುಡುಗಿಯ ಫೋಟೋ ಸುತ್ತ ಕೆಂಪು ವೃತ್ತ. ಅವಳ ನಡತೆಯ ಬಗ್ಗೆ ಪಕ್ಕದ ಮನೆಯವರ ಬಾಯಿಗೆ ಮೈಕ್. ಅವಳ ತಾಯಿ ಇದನ್ನು ನೋಡುತ್ತಿರಬಹುದು ಅಂತ ಯಾರಿಗೂ ಅನಿಸುವುದಿಲ್ಲವೇ? ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ.

ಹಾಗಂತ ನಿಧಾನ ನಮ್ಮದಲ್ಲ ಅಂತ ನಾನು ಒಪ್ಪುವುದಿಲ್ಲ. ನಮ್ಮಜ್ಜಿ ಜಗಲಿಯಲ್ಲಿ ಕೂತು ಒಂದು ಹಳೆಯ ಸಾವಿನ ಕಥೆ ಹೇಳುತ್ತಿದ್ದರು. ಬದುವಿನ ಜಗಳದಲ್ಲಿ ಸತ್ತವನ ಕಥೆ ಅದು. ಶುರುವಾಗುತ್ತಿದ್ದುದು ಅವನ ಅಜ್ಜಿಯ ಮದುವೆಯಿಂದ. ಆ ಮನೆಯ ಬಾವಿ, ಬತ್ತಿದ ವರ್ಷ, ಪಾಲಾದ ಹಿಸ್ಸೆ, ಮಾತು ಬಿಟ್ಟ ಅಣ್ಣತಮ್ಮಂದಿರು. ಎರಡು ತಟ್ಟೆ ಅಡಿಕೆ ಸುಲಿದು ಮುಗಿದರೂ ಕೊಲೆ ಇನ್ನೂ ನಡೆದಿರುತ್ತಿರಲಿಲ್ಲ. ನಡೆಯುವ ಹೊತ್ತಿಗೆ ನಮಗೆ ಇಬ್ಬರ ಮೇಲೂ ಕರುಣೆ ಬಂದಿರುತ್ತಿತ್ತು.

ತೇಜಸ್ವಿಯವರ 'ಚಿದಂಬರ ರಹಸ್ಯ' ಕೂಡ ಆ ಜಾತಿಯದೇ. ಏಲಕ್ಕಿ ಬೆಳೆ ಯಾಕೆ ಇಳಿಯಿತು, ಜೋಗಿಹಾಳ್ ಎಂಬುವರು ಹೇಗೆ ಸತ್ತರು ಅಂತ ತಿಳಿಯಲು ಬಂದ ಅಧಿಕಾರಿಯನ್ನು ಕೆಸರೂರು ಎಂಬ ಊರು ಮೆಲ್ಲಗೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಓದುವ ನಮಗೂ ಸಾವಿಗಿಂತ ಊರೇ ದೊಡ್ಡ ಗುಟ್ಟಾಗಿ ಕಾಣತೊಡಗುತ್ತದೆ. ಸ್ವೀಡಿಷ್ ಗೆಳೆಯರಿಗೆ ಈ ಪುಸ್ತಕದ ಕಥೆ ಹೇಳಿದ್ದೇನೆ. ಒಬ್ಬರು, "ಇದು ನಮ್ಮವರು ಬರೆದ ಹಾಗೇ ಇದೆ" ಅಂದರು. ಇಲ್ಲ, ಇದು ಮಲೆನಾಡಿನದೇ, ಅಂದೆ.

ಅಂಥ ಕಾದಂಬರಿಗಳು ಕನ್ನಡದಲ್ಲಿ ಇನ್ನೂ ಬೇಕು. ಬೀಜ ಎಲ್ಲಿದೆ ಅಂತಲೂ ನನಗೆ ಗೊತ್ತು. ಕನ್ನಡ ಪತ್ರಿಕೆಯ ಇ-ಪೇಪರನ್ನು ರಾತ್ರಿ ಮಲಗುವ ಮುಂಚೆ ಓದುತ್ತೇನೆ. ಜಿಲ್ಲಾ ಪುಟದ ಕೆಳಗಿನ ಮೂಲೆಯಲ್ಲಿ 'ಅಪರಿಚಿತ ಶವ ಪತ್ತೆ' ಅಂತ ನಾಲ್ಕು ಸಾಲು ಬರುತ್ತದೆ, ನೀವೂ ನೋಡಿರುತ್ತೀರಿ. ಮೊದಲೆಲ್ಲ ದಾಟಿ ಹೋಗುತ್ತಿದ್ದೆ. ಈಗ ಆಗುವುದಿಲ್ಲ. ಹೋದ ತಿಂಗಳ ಒಂದು ಪ್ರಕಟಣೆಯಲ್ಲಿ ಹೀಗಿತ್ತು: ರೈಲ್ವೆ ಹಳಿಯ ಪಕ್ಕ, ಸುಮಾರು 40 ವರ್ಷದ ಗಂಡಸು, ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ಅಂಗಿ. ಬಲಗೈ ಮೇಲೆ 'ಅಮ್ಮ' ಎಂಬ ಹಚ್ಚೆ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು.